ಯುರೋಪ್ ಮಂಡಳಿಯ ಸದಸ್ಯತ್ವ ಕೇಳುವ ಕ್ರಮ: ಕೊಸೊವೊ ಕಲಿಸಿದ ಪಾಠ

ಮೊದಲು ಯುರೋಪ್ ಮಂಡಳಿ ಎಂದರೆ ಯುರೋಪಿಯನ್ ಒಕ್ಕೂಟವಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಇದು 46 ದೇಶಗಳ ಮಾನವ ಹಕ್ಕು ಸಂಸ್ಥೆ. ಕೇಂದ್ರ ಕಚೇರಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿದೆ.

ಅರ್ಜಿಯನ್ನು ಮಹಾಕಾರ್ಯದರ್ಶಿಗೆ ಕೊಡಬೇಕು. 2008ರಲ್ಲಿ ಸೆರ್ಬಿಯಾದಿಂದ ಸ್ವಾತಂತ್ರ್ಯ ಘೋಷಿಸಿಕೊಂಡ ಕೊಸೊವೊ ಕೊಟ್ಟದ್ದು 2022ರ ಮೇ 12ರಂದು. ಸದಸ್ಯ ದೇಶಗಳ ವಿದೇಶಾಂಗ ಸಚಿವರಿರುವ ಸಚಿವರ ಸಮಿತಿ ಅದನ್ನು, ಆ ದೇಶಗಳ ಸಂಸದರು ಕೂಡುವ ಸಂಸದರ ಸಭೆಯ ಅಭಿಪ್ರಾಯಕ್ಕೆ ಕಳಿಸುತ್ತದೆ. ಅಲ್ಲಿಂದ ವರದಿಗಾರರು ಬಂದು ನ್ಯಾಯಾಲಯ, ಚುನಾವಣೆ, ಅಲ್ಪಸಂಖ್ಯಾತರ ಸ್ಥಿತಿಗತಿ ಎಲ್ಲವನ್ನೂ ಜಾಲಾಡುತ್ತಾರೆ.

ಕಾನೂನು ಪುಸ್ತಕ ಚೆನ್ನಾಗಿದ್ದರೆ ಸಾಲದು, ತೀರ್ಪು ಜಾರಿಯಾಗಿರಬೇಕು. ಕೊಸೊವೊದಲ್ಲಿರುವ ಸೆರ್ಬಿಯನ್ ಆರ್ಥೊಡಾಕ್ಸ್ ಕ್ರೈಸ್ತರ ಡೆಚಾನಿ ಮಠದ ಸುಮಾರು 24 ಹೆಕ್ಟೇರ್ ಜಮೀನು ಮಠಕ್ಕೇ ಸೇರಿದ್ದೆಂದು ಕೊಸೊವೊದ ಸಾಂವಿಧಾನಿಕ ನ್ಯಾಯಾಲಯ 2016ರಲ್ಲೇ ಹೇಳಿತ್ತು. ಭೂದಾಖಲೆಯಲ್ಲಿ ಮಠದ ಹೆಸರು ಏರಿದ್ದು 2024ರ ಮಾರ್ಚ್‌ನಲ್ಲಿ! ಇಂಥ ಬಾಕಿಗಳನ್ನು ಅರ್ಜಿ ಹಾಕುವ ಮುಂಚೆಯೇ ತೀರಿಸಿಕೊಳ್ಳುವುದು ಜಾಣತನ.

2024ರ ಏಪ್ರಿಲ್ 16ರಂದು ಸಂಸದರ ಸಭೆಯಲ್ಲಿ ಪರವಾಗಿ 131, ವಿರುದ್ಧ 29 ಮತ ಬಿದ್ದವು. ಆದರೆ ಅದು ಬರೀ ಶಿಫಾರಸು. ಆಹ್ವಾನ ಕೊಡುವುದು ಸಚಿವರ ಸಮಿತಿ, ಅದೂ ಒಟ್ಟು ಸದಸ್ಯರ ಮೂರನೇ ಎರಡರಷ್ಟು ಬಹುಮತದಿಂದ. ಅಂದರೆ ಕನಿಷ್ಠ 31 ಮತ ಬೇಕು. ಗೈರಾದವರು ಲೆಕ್ಕ ತಗ್ಗಿಸುವುದಿಲ್ಲ. ಕೊಸೊವೊ ಎಡವಿದ್ದು ಇಲ್ಲೇ: ಅಲ್ಲಿನ ಸೆರ್ಬರಿಗೆ ಒಂದಷ್ಟು ಸ್ವಯಮಾಡಳಿತ ಕೊಡಲೆಂದು ಒಪ್ಪಿಕೊಂಡಿದ್ದ ಸೆರ್ಬ್ ಬಹುಸಂಖ್ಯಾತ ಪುರಸಭೆಗಳ ಸಂಘದ ವಿಷಯ ಇತ್ಯರ್ಥವಾಗದೆ, ಅದೇ ವರ್ಷದ ಮೇ ತಿಂಗಳ ಸಮಿತಿ ಸಭೆಯ ಕಾರ್ಯಸೂಚಿಗೇ ಅರ್ಜಿ ಬರಲಿಲ್ಲ. ಆದ್ದರಿಂದ ಸಂಸದರ ಚಪ್ಪಾಳೆಗೆ ಮೈಮರೆಯದೆ, ಒಂದೊಂದು ರಾಜಧಾನಿಯಲ್ಲೂ ಮೊದಲೇ ಮಾತುಕತೆ ಮುಗಿಸಿ.

ಆಹ್ವಾನ ಬಂದರೆ ಸೇರ್ಪಡೆ ಪತ್ರವನ್ನು ಮಹಾಕಾರ್ಯದರ್ಶಿಗೆ ಒಪ್ಪಿಸಬೇಕು. ಯುರೋಪಿಯನ್ ಮಾನವ ಹಕ್ಕುಗಳ ಒಡಂಬಡಿಕೆಗೂ ಸಹಿ ಹಾಕಲೇಬೇಕು.