ಲುಕ್ಲಾದಲ್ಲಿ ವಿಮಾನಗಳಿಗಾಗಿ ಮೀಸಲಿಟ್ಟ ಬೆಳಗು

ವಿಮಾನ ಇಳಿಯುವುದನ್ನು ನೋಡುವ ಗೀಳು ನನಗೆ ಹತ್ತಿದ್ದು ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ. ವಿದ್ಯಾನಗರದ ವಿಮಾನ ನಿಲ್ದಾಣಕ್ಕೆ ಎಟಿಆರ್ ವಿಮಾನ ಬರುವ ಹೊತ್ತಿಗೆ ರಸ್ತೆ ಬದಿಯಲ್ಲಿ ಬೈಕ್ ನಿಲ್ಲಿಸಿ ಕಾಯುತ್ತಿದ್ದೆ. ಸಂಡೂರಿನ ಗುಡ್ಡಗಳು ದೂರ, ನೆಲ ಸಮತಟ್ಟು. ಇಳಿಯುವುದು ಸರಿಹೋಗದಿದ್ದರೆ ಪೈಲಟ್ ಮತ್ತೆ ಮೇಲೇರಿ ಒಂದು ಸುತ್ತು ಹಾಕಿ ಬರಬಹುದು. ಆ ಅವಕಾಶವೇ ಇಲ್ಲದ ಕಡೆ ಹೇಗೆ ಇಳಿಯುತ್ತಾರೆ ಎಂಬ ಕುತೂಹಲ ಬಹಳ ಕಾಲದಿಂದ ಇತ್ತು. ಎವರೆಸ್ಟ್ ಬೇಸ್ ಕ್ಯಾಂಪ್ ಚಾರಣಕ್ಕೆ ನೇಪಾಳಕ್ಕೆ ಹೋದಾಗ, ನಡಿಗೆ ಶುರುವಾಗುವ ಊರಾದ ಲುಕ್ಲಾದಲ್ಲಿ ಒಂದು ಬೆಳಗನ್ನು ಇದಕ್ಕೆಂದೇ ಉಳಿಸಿಕೊಂಡೆ.

ಸಮುದ್ರಮಟ್ಟದಿಂದ ಸುಮಾರು 2,845 ಮೀಟರ್ ಎತ್ತರ. ರನ್‌ವೇ ಉದ್ದ ಕೇವಲ 527 ಮೀಟರ್. ಅಷ್ಟರಲ್ಲೇ ಕೆಳತುದಿಗೂ ಮೇಲ್ತುದಿಗೂ ಅರವತ್ತು ಮೀಟರಿನಷ್ಟು ಏರು! ಕೆಳಗೆ ಕಣಿವೆ, ಮೇಲೆ ಬೆಟ್ಟ. ಆದ್ದರಿಂದ ಇಳಿಯುವುದು ಏರಿನತ್ತ, ಹಾರುವುದು ಇಳಿಜಾರಿನತ್ತ. 1964ರಲ್ಲಿ ಎಡ್ಮಂಡ್ ಹಿಲರಿ ಮುಂದೆ ನಿಂತು ಕಟ್ಟಿಸಿದ ಈ ನಿಲ್ದಾಣಕ್ಕೆ ಡಾಂಬರು ಬಿದ್ದದ್ದು 2001ರಲ್ಲಿ.

ನಾನು ಆರಿಸಿಕೊಂಡದ್ದು ಮೇಲ್ತುದಿಯನ್ನು ಬಳಸಿ ಹೋಗುವ ಕಾಲುದಾರಿ. ಅಲ್ಲಿ ನಿಂತರೆ ಇಡೀ ರನ್‌ವೇ ಕಾಲ ಕೆಳಗೆ ಹಾಸಿಕೊಂಡಿರುತ್ತದೆ. ಬೆಳಕು ಹರಿಯುತ್ತಲೇ ಹೋಗಿ ನಿಂತೆ. ಹೊತ್ತು ಏರಿದಂತೆ ಗಾಳಿ ಏಳುತ್ತದೆ, ಮೋಡ ಕವಿಯುತ್ತದೆ. ವಿಮಾನಗಳೆಲ್ಲ ಹೆಚ್ಚಾಗಿ ಬೆಳಗಿನಲ್ಲೇ ಬಂದು ಹೋಗುತ್ತವೆ.

ಸೈರನ್ ಕೂಗಿತು. ಎಲ್ಲರೂ ಆಕಾಶ ನೋಡುತ್ತಿದ್ದರೆ ನಾನು ಕಣಿವೆಯ ಕಡೆ ಕಣ್ಣಿಟ್ಟೆ. ಟ್ವಿನ್ ಆಟರ್ ಎಂಬ ಪುಟ್ಟ ವಿಮಾನವೊಂದು ಬೆಟ್ಟದ ಬಣ್ಣದಲ್ಲಿ ಕರಗಿ ಚುಕ್ಕೆಯಂತೆ ಬಂತು. ಕೊನೆಯ ಗಳಿಗೆಯಲ್ಲಿ ಅದು ನನ್ನ ಕಣ್ಣಿಗಿಂತ ಕೆಳಗಿತ್ತು; ರೆಕ್ಕೆಗಳ ಮೇಲ್ಮೈಯೇ ಕಾಣುತ್ತಿತ್ತು. ನೋಡಬೇಕಾದದ್ದು ಮೂತಿಯನ್ನು. ಏರಿರುವ ರನ್‌ವೇ ಎದುರಿಗಿದ್ದಾಗ ಪೈಲಟ್‌ಗೆ ತಾನು ಇರುವುದಕ್ಕಿಂತ ಎತ್ತರದಲ್ಲಿದ್ದೇನೆ ಎಂಬ ಭ್ರಮೆ ಹುಟ್ಟುತ್ತದೆ. ಅದನ್ನು ನಂಬಿ ತಗ್ಗಿದರೆ ಎದುರಾಗುವುದು ರನ್‌ವೇಯ ಕೆಳಗಿನ ಬಂಡೆ. ಇಲ್ಲಿ ಮೂತಿ ಮಾಮೂಲಿಗಿಂತ ಹೆಚ್ಚು ಮೇಲೆದ್ದಿತು, ಏರಿಗೆ ಸರಿಸಮವಾಯಿತು. ಗಾಲಿಗಳಿಂದ ಹೊಗೆಯ ಎಳೆಯೊಂದು ಎದ್ದಿತು. ಪ್ರೊಪೆಲ್ಲರ್ ಗರ್ಜಿಸಿತು, ಇನ್ನುಳಿದ ವೇಗವನ್ನು ಏರೇ ನುಂಗಿತು. ಆ ಪೈಲಟ್‌ಗಳ ಬಗ್ಗೆ ನನಗಿರುವ ಗೌರವಕ್ಕೆ ಅಳತೆಯಿಲ್ಲ.

ಮೊದಲ ವಿಮಾನವನ್ನು ಬರಿಗಣ್ಣಿನಲ್ಲೇ ನೋಡಿದೆ. ಮೊಬೈಲ್ ತೆಗೆದದ್ದು ಆಮೇಲೆ. ಹೋಗುವವರಿಗೂ ಇದನ್ನೇ ಹೇಳುತ್ತೇನೆ, ಜೊತೆಗೆ ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ ಎಂದೂ. ಮೋಡ ಕವಿದರೆ ಲುಕ್ಲಾಕ್ಕೆ ಯಾವ ವಿಮಾನವೂ ಬರುವುದಿಲ್ಲ. ಆ ದಿನವೂ ಮಧ್ಯಾಹ್ನಕ್ಕೆ ಮುಂಚೆ ಕಣಿವೆ ಮುಚ್ಚಿಹೋಯಿತು. ಚೀಲ ಬೆನ್ನಿಗೇರಿಸಿ ಚಾರಣದ ಮುಂದಿನ ಊರಾದ ಫಕ್ಡಿಂಗ್ ದಾರಿ ಹಿಡಿದೆ.