ಎಡಕ್ಕೇ ಎಳೆಯುತ್ತಿದ್ದ ದೋಣಿ

ಮೂರು ಭಾನುವಾರ ಹಿಡಕಲ್ ಹಿನ್ನೀರಿನ ದಂಡೆಯಲ್ಲಿ ಮೊಣಕಾಲೂರಿ ಸ್ಕ್ರೂಡ್ರೈವರ್ ತಿರುವಿದೆ. ರೋಗ ಒಂದು ಕಡೆ, ನಾನು ಮದ್ದು ಹಚ್ಚುತ್ತಿದ್ದದ್ದು ಇನ್ನೊಂದು ಕಡೆ.

ನನ್ನದು ದಂಡೆಯಲ್ಲಿ ನಿಂತು ರಿಮೋಟಿನಿಂದ ಓಡಿಸುವ ನಾಲ್ಕೂವರೆ ಅಡಿಯ ಫೈಬರ್ ದೋಣಿ. ಒಳಗೆ 26 ಸಿಸಿಯ ಎರಡು ಟೂ-ಸ್ಟ್ರೋಕ್ ಪೆಟ್ರೋಲ್ ಎಂಜಿನ್. ಟ್ಯಾಂಕ್ ಬೇರೆ ಬೇರೆ, ಎರಡರ ಥ್ರಾಟಲ್‌ಗೂ ಸರ್ವೋ, ಅಂದರೆ ರಿಮೋಟಿನ ಮಾತು ಕೇಳಿ ತಿರುಗುವ ಪುಟ್ಟ ಮೋಟಾರು, ಒಂದೇ. ಬೆಳಗಾವಿಯ ಕೋಟೆ ಕೆರೆ ಮನೆಗೆ ಹತ್ತಿರವೇನೋ ಹೌದು, ಆದರೆ ಅಲ್ಲಿ ಜನ ಜಾಸ್ತಿ, ಇದರ ಸದ್ದೂ ಜಾಸ್ತಿ. ಅದಕ್ಕೇ ಹಿಡಕಲ್.

ಥ್ರಾಟಲ್ ಪೂರ್ತಿ ಕೊಟ್ಟರೆ ದೋಣಿ ಎಡಕ್ಕೆ ಎಳೆಯುತ್ತಿತ್ತು. ಸೋತ ಎಂಜಿನ್ ಯಾವ ಕಡೆಯೋ ದೋಣಿ ಆ ಕಡೆಗೇ ತಿರುಗುತ್ತದೆ. ಮೊದಲು ಚುಕ್ಕಾಣಿಯನ್ನು ಬಲಕ್ಕೆ ಟ್ರಿಮ್ ಮಾಡಿದೆ, ಅಂದರೆ ತುಸು ಓರೆಯಾಗೇ ನಿಲ್ಲುವಂತೆ ಮಾಡಿದೆ. ನೇರ ಹೋಯಿತು, ವೇಗ ಸತ್ತಿತು. ಓರೆ ನಿಂತ ಚುಕ್ಕಾಣಿ ನೀರಲ್ಲಿ ಬ್ರೇಕಿನಂತೆ. ಆಮೇಲೆ ಎಡ ಎಂಜಿನ್ನಿನ ಕಾರ್ಬ್ಯುರೇಟರಿನಲ್ಲಿ ಪೂರ್ತಿ ಓಟಕ್ಕೆ ಎಷ್ಟು ಪೆಟ್ರೋಲ್ ಎಂದು ಅಳೆಯುವ ಹೈ ಸೂಜಿಯನ್ನು ಸ್ವಲ್ಪ ಸ್ವಲ್ಪವೇ ಮುಚ್ಚಿದೆ. ಪೆಟ್ರೋಲ್ ಕಡಿಮೆಯಾದಂತೆ ಆರ್‌ಪಿಎಂ ಏರಿತು, ಖುಷಿಯಾಯಿತು. ಅರ್ಧ ನಿಮಿಷಕ್ಕೆ ಎಂಜಿನ್ ಬಿಸಿಯಾಗಿ ನಿಂತಿತು. ಟೂ-ಸ್ಟ್ರೋಕ್‌ನಲ್ಲಿ ಆಯಿಲ್ ಬರುವುದೂ ಪೆಟ್ರೋಲಿನ ಜೊತೆಗೇ. ಬಿಚ್ಚಿ ನೋಡಿದರೆ ಪಿಸ್ಟನ್ ಮೇಲೆ ಉದ್ದುದ್ದ ಗೀರು.

ಆ ಪಿಸ್ಟನ್ ಹಿಡಿದುಕೊಂಡು ಉದ್ಯಮಬಾಗದ ಮಿಸ್ತ್ರಿಯೊಬ್ಬರ ಬಳಿ ಹೋದೆ. ಅವರು ದೋಣಿ ಕಂಡವರಲ್ಲ, ಎಂಜಿನ್ ಬಲ್ಲವರು. "ಎರಡೂ ಕೂಡೇ ಯಾಕ ನೋಡ್ತೀರಿ ಸರ? ಒಂದೊಂದ ಹೂಡಿ ನೋಡ್ರಿ. ಮೈಗಳ್ಳ ಎತ್ತು ಯಾವ್ದಂತ ಆಗ ಗೊತ್ತಾಗ್ತದ," ಅಂದರು.

ಪಿಸ್ಟನ್ ಬದಲಿಸಿ ಹಾಗೇ ಮಾಡಿದೆ. ಒಂದು ಕಡೆಯ ಪ್ರೊಪೆಲ್ಲರ್ ಬಿಚ್ಚಿಟ್ಟು ಇನ್ನೊಂದು ಎಂಜಿನ್ ಮಾತ್ರ ಓಡಿಸುವುದು. ಹೈ ಸೂಜಿ, ನಿಧಾನ ಓಟದ ಪೆಟ್ರೋಲ್ ಅಳೆಯುವ ಲೋ ಸೂಜಿ, ಎರಡನ್ನೂ ಮೆಲ್ಲಗೆ ಮುಚ್ಚಿ ಒಂದೂವರೆ ಸುತ್ತು ತೆರೆದು ಶುರು. ಎಂಜಿನ್ ಕಾಯ್ದ ಮೇಲೆ ಲೋ ಸೂಜಿ: ಥ್ರಾಟಲ್ ತಟ್ಟನೆ ಕೊಟ್ಟಾಗ ಉಸಿರು ಕಟ್ಟಿದಂತೆ ನಿಂತರೆ ಪೆಟ್ರೋಲ್ ಸಾಲದು, ಹೊಗೆಯುಗುಳುತ್ತ ಗೊಳಗೊಳ ಅಂದರೆ ಹೆಚ್ಚಾಗಿದೆ. ಹೈ ಸೂಜಿಯನ್ನು ಮಾತ್ರ ನೀರಿನ ಮೇಲೆ, ಪೂರ್ತಿ ಲೋಡಿನಲ್ಲೇ ನೋಡಬೇಕು. ಮನೆಯಂಗಳದಲ್ಲಿ ಸ್ಟ್ಯಾಂಡ್ ಮೇಲೆ ಕೂಗಿಸುವವರನ್ನು ಕಂಡರೆ ನನಗೆ ಸಂಕಟ; ಲೋಡೂ ಇಲ್ಲ, ತಂಪಿಗೆ ನೀರೂ ಇಲ್ಲ. ಪೂರ್ತಿ ಓಟದಲ್ಲಿದ್ದಾಗಲೇ ಎಂಜಿನ್ ಕಟ್ ಮಾಡಿ, ಮೀನುಗಾರರ ತೆಪ್ಪದಲ್ಲಿ ಹೋಗಿ ದೋಣಿ ಎಳೆತಂದು ಸ್ಪಾರ್ಕ್ ಪ್ಲಗ್ ಬಿಚ್ಚುತ್ತಿದ್ದೆ. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಕಮ್ಮಿ, ಕಪ್ಪಾಗಿ ಒದ್ದೆಯಿದ್ದರೆ ಜಾಸ್ತಿ, ಚಹಾ ಬಣ್ಣವಿದ್ದರೆ ಸರಿ.

ಬಲ ಎಂಜಿನ್ ಎರಡೇ ಓಟಕ್ಕೆ ಚಹಾ ಬಣ್ಣಕ್ಕೆ ಬಂತು. ಎಡದ್ದು ಹತ್ತು ಸೆಕೆಂಡ್ ಚೆನ್ನಾಗಿ ಓಡಿ ಸೊರಗುತ್ತಿತ್ತು. ಸೂಜಿಯನ್ನು ಎರಡು ಸುತ್ತಿಗೂ ಮಿಕ್ಕಿ ತೆರೆದರೂ ಅಷ್ಟೇ. ಹಾಗಿದ್ದರೆ ಪೆಟ್ರೋಲ್ ಸೂಜಿಯವರೆಗೇ ಬರುತ್ತಿಲ್ಲ! ಎರಡೂ ಕಾರ್ಬ್ಯುರೇಟರ್ ಅದಲುಬದಲು ಮಾಡಿದೆ. ದೋಣಿ ಈಗ ಬಲಕ್ಕೆ ಎಳೆಯಿತು. ಕಳ್ಳ ಸಿಕ್ಕ.

ಈ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಎಳೆಯುವುದು ಒಂದು ತೆಳು ಡಯಾಫ್ರಾಮ್. ಕ್ರ್ಯಾಂಕ್‌ಕೇಸಿನ ಒತ್ತಡದ ಮಿಡಿತಕ್ಕೆ ಅದು ಅಲುಗಬೇಕು. ನನ್ನದು ಹಪ್ಪಳದಂತೆ ಗಡಸಾಗಿತ್ತು. ಮಳೆಗಾಲವಿಡೀ ಎಥನಾಲ್ ಬೆರೆತ ಪೆಟ್ರೋಲನ್ನು ಆ ಒಂದು ಟ್ಯಾಂಕಿನಲ್ಲೇ ಬಿಟ್ಟಿದ್ದೆ. ತಪ್ಪು ನನ್ನದೇ. ಎರಡಕ್ಕೂ ಹೊಸ ಡಯಾಫ್ರಾಮ್ ಕಿಟ್ ಹಾಕಿದೆ. ಒಂದಕ್ಕೆ ಹೊಸದು, ಒಂದಕ್ಕೆ ಹಳೆಯದು ಅಂದರೆ ಮತ್ತೆ ಎರಡು ತರಹದ ಎಂಜಿನ್ ಆಗುತ್ತವೆ. ಸರ್ವೋದಿಂದ ಥ್ರಾಟಲ್‌ಗಳಿಗೆ ಹೋಗುವ ಲಿಂಕೇಜನ್ನೂ ಸರಿಮಾಡಿದೆ. ಎಡದ ಥ್ರಾಟಲ್ ಒಂದೆರಡು ಮಿಲಿಮೀಟರ್ ತಡವಾಗಿ ತೆರೆಯುತ್ತಿತ್ತು.

ಕೊನೆಯ ಹೊಂದಾಣಿಕೆ ಕಿವಿಯಿಂದ. ಮನೆಯಲ್ಲಿ ಅವ್ವ ಭಜನೆಗೆ ತಂಬೂರಿಯ ಜೋಡಿ ತಂತಿ ಕೂಡಿಸುವುದನ್ನು ಕೇಳಿದವರಿಗೆ ಇದು ಸುಲಭ. ಎರಡು ಎಂಜಿನ್ನಿನ ಆರ್‌ಪಿಎಂ ಹತ್ತಿರವಿದ್ದೂ ಒಂದಾಗದಿದ್ದರೆ ಸದ್ದು ವ್ವಂ... ವ್ವಂ... ಎಂದು ತೂಗುತ್ತದೆ, ಹತ್ತಿರವಾದಷ್ಟೂ ತೂಗು ನಿಧಾನ. ಇಲ್ಲಿ ನಾನು ನಿಧಾನದ ಎಂಜಿನ್ನಿನ ಸೂಜಿ ಮುಚ್ಚಲು ಹೋಗಲಿಲ್ಲ, ಜೋರಿನದ್ದನ್ನೇ ಕೂದಲೆಳೆಯಷ್ಟು ತೆರೆದು ಇಳಿಸಿದೆ. ವೇಗ ಚೂರು ಹೋದೀತು, ಪಿಸ್ಟನ್ ಉಳಿಯುತ್ತದೆ.

ಈಗಲೂ ದೋಣಿ ತುಸು ವಾಲುತ್ತದೆ. ಎರಡೂ ಪ್ರೊಪೆಲ್ಲರ್ ಒಂದೇ ದಿಕ್ಕಿಗೆ ತಿರುಗುವುದರಿಂದ ಅಷ್ಟು ಇರುವುದೇ. ಅದಕ್ಕೆ ಮಾತ್ರ ಚುಕ್ಕಾಣಿಯ ಟ್ರಿಮ್ ಎರಡು ಗೀಟು.