ಕೊಲಾರೆಸ್‌ನ ಹೊಯಿಗೆಯಲ್ಲಿ ಒಂದು ಸಂಜೆ

ಸೊಸೆ ಫೋನಿನಲ್ಲಿ ಏನೋ ಬುಕ್ ಮಾಡುತ್ತ, "ಅತ್ತೆ, ಶುಕ್ರವಾರ ಕೊಲಾರೆಸ್‌ಗೆ ಹೋಗುವ" ಅಂದಳು. ನನಗೆ ಕೇಳಿಸಿದ್ದು ಕೋಲಾರ. ಲಿಸ್ಬನ್ನಿನಲ್ಲಿ ಕೂತು ಕೋಲಾರಕ್ಕೆ ಹೋಗುವುದು ಎಂಥದ್ದು ಅಂತ ನಾನು ಕಣ್ಣು ಬಿಟ್ಟದ್ದು ಕಂಡು ಮ್ಯಾಪು ತೆರೆದು ತೋರಿಸಿದಳು. ಲಿಸ್ಬನ್ನಿನ ವಾಯವ್ಯಕ್ಕೆ, ಸಿಂತ್ರಾ ಗುಡ್ಡ ದಾಟಿದರೆ ಅಟ್ಲಾಂಟಿಕ್ ಕಡಲಿಗೆ ಹತ್ತಿರದ ಸಣ್ಣ ಊರು. ಅಲ್ಲಿ ದ್ರಾಕ್ಷಿ ಬೆಳೆಯುವುದು ಹೊಯಿಗೆಯಲ್ಲಿ. ಆ ತೋಟದ ಅಂಚಿನಲ್ಲೇ ಕೂತು, ಆ ದ್ರಾಕ್ಷಿಯ ವೈನು ಕುಡಿದು, ಸೂರ್ಯ ಮುಳುಗುವುದನ್ನು ನೋಡಿ ಬರುವುದು. ಕರೆದುಕೊಂಡು ಹೋಗಲು ಆ ಊರಿನವಳೇ ಒಬ್ಬಳು ಗೈಡು. ಇಬ್ಬರಿಗೆ 170 ಯೂರೋ. "ಅಮ್ಮಾ, ರೂಪಾಯಿಗೆ ಲೆಕ್ಕ ಹಾಕಬೇಡ" ಅಂತ ಮಗ ಮೊದಲೇ ಹೇಳಿದ್ದ. ಬದುಕೆಲ್ಲ ಬ್ಯಾಂಕಿನ ಕೌಂಟರಿನಲ್ಲಿ ಕೂತು ನಿವೃತ್ತಿಯಾದವಳಿಗೆ ಹೇಳುವ ಮಾತೇ ಅದು?

ನಾನು ಕುಮಟೆಯವಳು. ವನ್ನಳ್ಳಿಯ ದಂಡೆಯಲ್ಲಿ ಪುಕ್ಕಟೆ ಸಿಗುವ ಸೂರ್ಯಾಸ್ತಕ್ಕೆ ಇಲ್ಲಿ ದುಡ್ಡು ಸುರಿಯುವುದು ನನಗೆ ಸ್ವಲ್ಪವೂ ಮನಸ್ಸಿರಲಿಲ್ಲ. ಒಪ್ಪಿಕೊಂಡದ್ದು ಏಕೆಂದರೆ, ಅದರ ಹಿಂದಿನ ಭಾನುವಾರ ನಾವೇ ಮೂವರು ಹೋಗಿ ಕೆಟ್ಟು ಬಂದಿದ್ದೆವು.

ಆ ದಿನ ಹೋದದ್ದು ಕಾಬೊ ದ ರೋಕಕ್ಕೆ. ಯುರೋಪ್ ಖಂಡದ ನೆಲ ಪಶ್ಚಿಮಕ್ಕೆ ಮುಗಿಯುವ ತುದಿ ಅದು. ಕಡಲಿನಿಂದ ಸುಮಾರು 140 ಮೀಟರ್ ಎತ್ತರದ ಬಂಡೆ, ಮೇಲೆ ದೀಪಸ್ತಂಭ, ಕಲ್ಲಿನ ಕಂಬದ ಮೇಲೊಂದು ಶಿಲುಬೆ. ಸೂಪರ್ ಮಾರ್ಕೆಟ್ಟಿನಲ್ಲಿ ಒಂದು ಬಾಟಲಿ, ಬ್ರೆಡ್ಡು, ಕಾಗದದ ತಟ್ಟೆ, ಪ್ಲಾಸ್ಟಿಕ್ ಲೋಟ ಕೊಂಡೊಯ್ದಿದ್ದೆವು. ನಾನು ಉಟ್ಟದ್ದು ಹತ್ತಿಯ ಸೀರೆ. ಕಾರಿನಿಂದ ಇಳಿದು ಮೂರು ನಿಮಿಷದಲ್ಲಿ ಮೊದಲ ತಟ್ಟೆ ಅಮೆರಿಕದ ದಿಕ್ಕಿಗೆ ಹೊರಟಿತು. ಬೇಸಿಗೆಯುದ್ದಕ್ಕೂ ಮಧ್ಯಾಹ್ನದ ಮೇಲೆ ಉತ್ತರದಿಂದ ಬೀಸುವ ಈ ಗಾಳಿಗೆ ಇಲ್ಲಿಯವರು 'ನೊರ್ತಾದ' ಅನ್ನುತ್ತಾರೆ. ನಮ್ಮ ಕಡೆಯ ಆಷಾಢದ ಗಾಳಿಯ ಹಾಗೆ ಬಂದು ಹೊಡೆದು ಹೋಗುವುದಿಲ್ಲ, ಒಂದೇ ಸಮ ತಳ್ಳುತ್ತಲೇ ಇರುತ್ತದೆ. ಲೋಟಕ್ಕೆ ಬಗ್ಗಿಸಿದ ವೈನು ನನ್ನ ಸೆರಗಿಗೆ ಬಿತ್ತು. ಸೂರ್ಯ ಇನ್ನೂ ಮೇಲಿರುವಾಗಲೇ ಕಡಲಿನಿಂದ ಮಂಜು ಎದ್ದು ದೀಪಸ್ತಂಭವೇ ಕಾಣದಾಯಿತು. ಮಗ ಮಾತ್ರ ಅಲ್ಲಿನ ಪ್ರವಾಸಿ ಕಚೇರಿಯಲ್ಲಿ 'ಈ ತುದಿಗೆ ಬಂದಿದ್ದೆ' ಎಂಬ ಪ್ರಮಾಣಪತ್ರ ಮಾಡಿಸಿಕೊಂಡು ಖುಷಿಯಲ್ಲಿದ್ದ. ಊಟ ಕಾರಿನೊಳಗೆ, ಕಿಟಕಿ ಏರಿಸಿಕೊಂಡು.

ಶುಕ್ರವಾರ ಮಗನಿಗೆ ರಜೆ ಇಲ್ಲ. ಸೆಪ್ಟೆಂಬರ್ ನಡುವಿನ ದಿನ, ಸೂರ್ಯ ಮುಳುಗುವುದು ಪೌಣೆ ಎಂಟರ ಸುಮಾರಿಗೆ. ರೊಸಿಯು ನಿಲ್ದಾಣದಿಂದ ಸಿಂತ್ರಾಕ್ಕೆ ರೈಲಿನಲ್ಲಿ ನಲವತ್ತು ನಿಮಿಷ. ಅಲ್ಲಿಂದ ಕಡಲಿಗೆ 1904ರಿಂದ ಓಡುವ ಕೆಂಪು ಟ್ರಾಮ್ ಒಂದಿದೆ, ಆದರೆ ನಮ್ಮನ್ನು ಕರೆದೊಯ್ಯಲು ಗೈಡು ತನ್ನ ಹಳೆಯ ವ್ಯಾನು ತಂದು ನಿಲ್ಲಿಸಿದ್ದಳು. ಐವತ್ತರ ಆಸುಪಾಸಿನ ಹೆಂಗಸು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಚಳಿಗೆ ಏನು ತಂದಿದ್ದೀರಿ ಅಂತ ಮೊದಲು ಕೇಳಿದಳು. ಭಾನುವಾರದ ಪಾಠದ ಮೇಲೆ ನಾನು ಸಲ್ವಾರ್, ಸ್ವೆಟರ್, ಅದರ ಮೇಲೆ ಮಗನ ಜಾಕೆಟ್ಟು ಹಾಕಿದ್ದೆ. ಪಾಸಾದೆ. ಎರಡನೆಯ ಪ್ರಶ್ನೆ, ಏನು ತಿನ್ನುವುದಿಲ್ಲ. ಮೂರನೆಯದಕ್ಕೆ ನಾನು ನಗಬೇಕಾಯಿತು: ವೈನು ಎಷ್ಟು ರೂಢಿ? ಎರಡು ಮದುವೆಯಲ್ಲಿ, ಎರಡು ಗುಟುಕು ಅಂದೆ. ಅವಳು ತಾನು ಒಂದು ಹನಿಯೂ ಮುಟ್ಟುವುದಿಲ್ಲ, ವಾಪಸು ಗಾಡಿ ಓಡಿಸಬೇಕಲ್ಲ ಅಂದಳು. ಇಂಥದ್ದಕ್ಕೆ ದುಡ್ಡು ಕೊಡುವವರು ಬೇರೆ ಏನು ಕೇಳದಿದ್ದರೂ ಗಾಡಿ ಓಡಿಸುವವರು ಕುಡಿಯುತ್ತಾರೋ ಅಂತ ಕೇಳಿಕೊಳ್ಳಿ.

ದಾರಿಯಲ್ಲಿ ಸಹಕಾರಿ ಸಂಘದ ವೈನುಮನೆಗೆ ಒಂದು ಸುತ್ತು. 1931ರಲ್ಲಿ ಕಟ್ಟಿದ ಸಂಘ, ಪೋರ್ಚುಗಲ್ಲಿನಲ್ಲಿ ಈ ಬಗೆಯದ್ದರಲ್ಲಿ ಎಲ್ಲಕ್ಕಿಂತ ಹಳೆಯದು. ಆಳೆತ್ತರ ಮೀರಿದ ಮರದ ಪೀಪಾಯಿಗಳ ಸಾಲು, ತಂಪು, ಹುಳಿ ವಾಸನೆ. ಅಲ್ಲಿ ನಾವು ನಿಂತದ್ದು ಹತ್ತು ನಿಮಿಷ.

ತೋಟದ ಗೇಟಿನ ಹತ್ತಿರ ಅವಳು ಚೀಲ ತಡಕಾಡುತ್ತ "ಶಾವ್, ಶಾವ್" ಅಂತ ಗೊಣಗಿದಳು. ಸೊಸೆ ನನ್ನ ಕಡೆ ನೋಡಿದಳು. "ಚಾವಿ ಮಾರಾಯ್ತಿ, ಚಾವಿ ಹುಡುಕುತ್ತಿದ್ದಾಳೆ" ಅಂದೆ. ನಮ್ಮ ಕಡೆಯ ಚಾವಿ, ಬಟಾಟೆ, ಪಗಾರ ಎಲ್ಲ ಇವರ ಹಡಗಿನಲ್ಲಿ ಬಂದ ಮಾತುಗಳೇ. ಐದು ನೂರು ವರ್ಷ ನಮ್ಮಲ್ಲಿ ಬಾಡಿಗೆಗಿದ್ದ ಪದವೊಂದು ತವರಿನಲ್ಲಿ ಎದುರಾದಾಗ ನನಗೇನೋ ಆ ಹೆಂಗಸು ಅರ್ಧ ಪರಿಚಯದವಳ ಹಾಗೆ ಅನ್ನಿಸಿತು.

ಗೇಟು ತೆರೆದಾಗ ನನಗೆ ದ್ರಾಕ್ಷಿ ಕಾಣಲಿಲ್ಲ. ದ್ರಾಕ್ಷಿತೋಟ ಅಂದರೆ ನನ್ನ ಕಣ್ಣಿನಲ್ಲಿರುವುದು ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಚಪ್ಪರ, ತಲೆಯ ಮೇಲೆ ಗೊಂಚಲು. ಇಲ್ಲಿ ಕಂಡದ್ದು ಒಣ ಜೊಂಡಿನ ತಡಿಕೆಗಳ ಸಾಲು, ಮನುಷ್ಯನ ಸೊಂಟದೆತ್ತರಕ್ಕೆ. ಆ ತಡಿಕೆಗಳ ನಡುವೆ ಬಗ್ಗಿ ನೋಡಿದರೆ ಬಳ್ಳಿಗಳು ಕುಂಬಳದ ಬಳ್ಳಿಯ ಹಾಗೆ ನೆಲದ ಮೇಲೆ ಹರಿದಿವೆ. ಗಾಳಿಗೆ ಎದ್ದು ನಿಂತರೆ ಉಪ್ಪಿಗೆ ಎಲೆ ಸುಡುತ್ತದೆ, ಅದಕ್ಕೇ ಮಲಗಿಸಿ ಬೆಳೆಸುತ್ತಾರೆ. ಕಾಯಿ ಹಣ್ಣಾಗುವ ಹೊತ್ತಿಗೆ ಗೊಂಚಲು ಕಾದ ಹೊಯಿಗೆಗೆ ತಾಗಿ ಬೇಯದಿರಲಿ ಅಂತ ಬಳ್ಳಿಗೆ ಗೇಣುದ್ದದ ಜೊಂಡಿನ ಕಡ್ಡಿ ಊರುಗೋಲು ಕೊಡುತ್ತಾರೆ. ಕೊಯ್ಲಿಗೆ ಇನ್ನೂ ಒಂದೆರಡು ವಾರವಿತ್ತು, ಎಲ್ಲ ಗೊಂಚಲೂ ಊರುಗೋಲಿನ ಮೇಲಿತ್ತು.

ನಾನು ಕೂತು ಬುಡ ಕೆದಕಿ ನೋಡಿದೆ. ಹೊಯಿಗೆಯೇ. ಗೋಕರ್ಣದಲ್ಲಿ ಹಾಲಕ್ಕಿ ಒಕ್ಕಲಿಗರು ಇಂಥ ಹೊಯಿಗೆ ನೆಲದಲ್ಲಿ ಗುಂಡಿ ತೋಡಿ, ಕೊಡದಲ್ಲಿ ನೀರು ಹೊತ್ತು ಹರಿವೆ, ಬದನೆ ಬೆಳೆಯುವುದನ್ನು ಕಂಡವಳು ನಾನು. ಆದರೆ ಇಲ್ಲಿ ಯಾರೂ ನೀರು ಹೊರುವುದಿಲ್ಲ. ಹೊಯಿಗೆಯ ಕೆಳಗೆ ಜೇಡಿಮಣ್ಣಿದೆ, ಕೆಲವು ಕಡೆ ಒಂದೆರಡು ಮೀಟರ್ ಕೆಳಗೆ, ಕೆಲವು ಕಡೆ ಇನ್ನೂ ಆಳದಲ್ಲಿ. ಅಲ್ಲಿಯ ತನಕ ಅಗೆದು, ಬಳ್ಳಿಯ ಕಾಲು ಜೇಡಿಗೆ ಮುಟ್ಟಿಸಿ ನೆಡಬೇಕು. ಅಗೆಯುವಾಗ ಹೊಯಿಗೆಯ ಗೋಡೆ ಕುಸಿದರೆ ಒಳಗಿದ್ದವನ ಕತೆ ಮುಗಿಯಿತು. ಅದಕ್ಕೆ ಹಿಂದಿನ ಕಾಲದ ಆಳುಗಳು ತಲೆಗೆ ಬುಟ್ಟಿ ಬೋರಲು ಹಾಕಿಕೊಂಡು ಇಳಿಯುತ್ತಿದ್ದರು. ಮುಚ್ಚಿಹೋದರೂ ಜನ ಬಂದು ತೆಗೆಯುವ ತನಕ ಬುಟ್ಟಿಯೊಳಗಿನ ಗಾಳಿ ಉಸಿರಿಗೆ ಇರಲಿ ಅಂತ. ತನ್ನ ಅಜ್ಜನೂ ಹಾಗೆ ಇಳಿದವನು ಅಂತ ಅವಳು ತಲೆಗೆ ಎರಡೂ ಕೈ ಬೋರಲು ಹಿಡಿದು ತೋರಿಸಿದಳು.

ಇಷ್ಟು ಕಷ್ಟ ಏಕೆ ಅಂದರೆ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫಿಲಾಕ್ಸೆರಾ ಅಂತ ಬೇರು ತಿನ್ನುವ ಹೇನು ಅಮೆರಿಕದಿಂದ ಬಂದು ಯುರೋಪಿನ ದ್ರಾಕ್ಷಿಯನ್ನೆಲ್ಲ ನೆಲಸಮ ಮಾಡಿತು. ಆಮೇಲೆ ಎಲ್ಲರೂ ಅಮೆರಿಕದ ಬೇರಿಗೆ ತಮ್ಮ ಬಳ್ಳಿ ಕಸಿ ಕಟ್ಟಿ ಬೆಳೆದರು. ಆ ಹೇನಿಗೆ ಸಡಿಲ ಹೊಯಿಗೆಯಲ್ಲಿ ಓಡಾಡಲು ಬಾರದು. ಹೀಗಾಗಿ ಕೊಲಾರೆಸ್‌ನ ಬಳ್ಳಿ ಕಸಿಯಿಲ್ಲದೆ ತನ್ನ ಬೇರಿನ ಮೇಲೇ ಉಳಿಯಿತು. 1908ರಲ್ಲಿ ಸರಕಾರ ಈ ಸೀಮೆಗೆ ಗಡಿ ಹಾಕಿ, ಕೊಲಾರೆಸ್ ಎಂಬ ಹೆಸರನ್ನು ಇಲ್ಲಿಯ ವೈನಿಗೇ ಮೀಸಲಿಟ್ಟಿತು. ಹೇನಿಗೆ ಬಗ್ಗದ ತೋಟವನ್ನು ತಿಂದದ್ದು ಲಿಸ್ಬನ್ ಜನರ ರಜೆಮನೆಗಳು. ಬೇಲಿಯಾಚೆ ಈಜುಕೊಳದ ನೀಲಿ ಅಲ್ಲಿಂದಲೇ ಕಾಣುತ್ತಿತ್ತು.

ಏಳಕ್ಕೆ ಕೂರುವ ಜಾಗಕ್ಕೆ ಬಂದೆವು. ನಾನು ಬಂಡೆಯ ತುದಿಗೆ ಹೋಗುತ್ತೇವೆ ಅಂದುಕೊಂಡಿದ್ದೆ. ಅವಳು ಅತ್ತ ಬಿಡಲೇ ಇಲ್ಲ, ಇಲ್ಲಿನ ಬಂಡೆಯಂಚು ಕುಸಿಯುತ್ತದೆ, ದಾರಿಯುದ್ದಕ್ಕೂ ಎಚ್ಚರಿಕೆಯ ಫಲಕಗಳಿವೆ. ಅಂಚಿನಿಂದ ಬಹಳ ಹಿಂದೆ, ಕೊನೆಯ ತಡಿಕೆಯ ಮರೆಯಲ್ಲಿ, ದಪ್ಪ ಜಮಖಾನೆ ಹಾಸಿ ನಾಲ್ಕು ಮೂಲೆಗೆ ಹೊಯಿಗೆ ತುಂಬಿದ ಚೀಲ ಇಟ್ಟಳು. ನಿಂತರೆ ಗಾಳಿ ಕಿವಿಗೆ ಹೊಡೆಯುತ್ತದೆ, ಕೂತರೆ ಪಿಸುಮಾತೂ ಕೇಳುತ್ತದೆ. ಬಳ್ಳಿಗೆ ಮಾಡಿದ್ದನ್ನೇ ನಮಗೂ ಮಾಡಿದ್ದಳು. ತಡಿಕೆಯಲ್ಲಿ ಎರಡು ಕಡ್ಡಿ ಸರಿಸಿದ ಕಿಂಡಿಯಿಂದ ಕಡಲು. ಬಲಕ್ಕೆ ದೂರದಲ್ಲಿ ಬಂಡೆಗೆ ಅಂಟಿದ ಬಿಳಿ ಮನೆಗಳ ಅಜೆನ್ಯಾಸ್ ದು ಮಾರ್. ಕಾಲುಳ್ಳ ಗ್ಲಾಸು ತಂದಿರಲಿಲ್ಲ, ಗಿಡ್ಡ ಲೋಟಗಳನ್ನು ತಿರುಪಿ ಹೊಯಿಗೆಯಲ್ಲಿ ಊರಿದಳು. ಭಾನುವಾರ ನಮಗೆ ಇಷ್ಟು ಬುದ್ಧಿ ಇದ್ದಿದ್ದರೆ ಸೆರಗು ಉಳಿಯುತ್ತಿತ್ತು.

ಮೊದಲು ತ್ರೆಮೊಸು. ಉಪ್ಪುನೀರಿನಲ್ಲಿ ನೆನೆದ ಹಳದಿ ಕಾಳು, ಅಗಲಕ್ಕೆ ಅವರೆಯಷ್ಟು. ಅವಳು ಸಿಪ್ಪೆ ಕಚ್ಚಿ ತೆಗೆಯುವುದನ್ನು ಹೇಳಿಕೊಡಲು ಹೊರಟಳು. ನಾನು ಎರಡು ಬೆರಳಲ್ಲಿ ಹಿಡಿದು ಹಿದುಕಿದೆ, ಪಟ್ಟನೆ ಕಾಳು ಹಾರಿ ಬಾಯಿಗೆ. ಹಿದಕವರೆ ಮಾಡಿದ ಕೈಗೆ ಇದೇನು ದೊಡ್ಡದು. ಅವಳೂ ಹಾಗೇ ಹಿದುಕಲು ಶುರು ಮಾಡಿದಳು.

ಅದರ ಜೊತೆಗೆ ಮಾಲ್ವಸೀಯ ಎಂಬ ಬಿಳಿ ವೈನು, ತಣ್ಣಗೆ. ಸಿಹಿ ಇರುತ್ತದೆ ಅಂದುಕೊಂಡವಳಿಗೆ ನಾಲಗೆಯ ಮೇಲೆ ಹುಳಿ, ಹಿಂದಿನಿಂದ ಉಪ್ಪಿನ ನೆನಪು. ಬೆಲ್ಲ ಹಾಕಲು ಮರೆತ ಮುರುಗಲು ಪಾನಕ ಅಂದೆ ಸೊಸೆಗೆ. ಅವಳು ಅದನ್ನು ಗೈಡಿಗೆ ಅನುವಾದ ಮಾಡಲು ಹೋಗಿ ಸೋತಳು. ಕೆಟ್ಟದ್ದೆಂದು ಹೇಳಿದ್ದಲ್ಲ, ಎರಡನೆಯ ಸಲ ನಾನೇ ಲೋಟ ಮುಂದೆ ಮಾಡಿದೆ.

ಕೆಂಪು ವೈನಿನ ಹೆಸರು ರಮಿಶ್ಕೊ, ಅದು ಈ ಹೊಯಿಗೆಯ ದ್ರಾಕ್ಷಿಯ ಜಾತಿಯ ಹೆಸರೂ ಹೌದು. ಬಾಟಲಿ ಅರ್ಧ ಲೀಟರಿನದು. ಹತ್ತು ವರ್ಷಕ್ಕೂ ಹಳೆಯದು, ಎಳೆಯದಾಗಿ ಕುಡಿದರೆ ಬಾಯಿ ಕಟ್ಟುತ್ತದೆ ಅಂದಳು. ಹತ್ತು ವರ್ಷದ ಮೇಲೂ ನನ್ನ ಬಾಯಿ ಕಟ್ಟಿತು. ಗೇರುಹಣ್ಣು ಹಾಗೇ ಕಚ್ಚಿ ತಿಂದಾಗ ಗಂಟಲು ಹಿಡಿಯುತ್ತದಲ್ಲ, ಆ ಒಗರು. ಕೆಮ್ಮು ಬಂತು. ಗೈಡು ಗಾಬರಿಯಾಗಲಿಲ್ಲ, ಬೆಣ್ಣೆಮುದ್ದೆಯಂಥ ಗುಂಡು ಚೀಸನ್ನು ಎದುರಿಗಿಟ್ಟು, ಚಾಕುವಿನಲ್ಲಿ ನೆತ್ತಿ ಕೊಯ್ದು ಮುಚ್ಚಳದ ಹಾಗೆ ತೆಗೆದಳು. ಒಳಗೆ ಚಮಚದಲ್ಲಿ ತೆಗೆಯುವಷ್ಟು ಮೆತ್ತಗೆ. ಲಿಸ್ಬನ್ನಿನ ದಕ್ಷಿಣದ ಅಜೈತಾಂವ್‌ನದ್ದು, ಕುರಿಹಾಲಿನದು. ಸಸ್ಯಾಹಾರಿಗಳಿಗೆ ಇಲ್ಲೊಂದು ಮಾತು: ಯುರೋಪಿನ ಬಹಳಷ್ಟು ಚೀಸಿಗೆ ಹಾಲು ಒಡೆಸುವುದು ಕರುವಿನ ಜಠರದಿಂದ ತೆಗೆದ ರೆನೆಟ್ ಹಾಕಿ. ಅಜೈತಾಂವ್ ಚೀಸಿಗೆ ಹಾಕುವುದು ಕಾರ್ದು ಎಂಬ ಮುಳ್ಳುಗಿಡದ ನೇರಳೆ ಹೂವು ನೆನೆಸಿದ ನೀರು. ಅವಳು ನಿಲ್ದಾಣದಲ್ಲಿ ಕೇಳಿದ ಎರಡನೆಯ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ಆ ಚೀಸು ಬ್ರೆಡ್ಡಿಗೆ ಸವರಿ ಒಂದು ತುತ್ತು, ಆಮೇಲೆ ಒಂದು ಗುಟುಕು ರಮಿಶ್ಕೊ. ಒಗರು ಅರ್ಧಕ್ಕರ್ಧ ಇಳಿಯಿತು, ಅದರ ಹಿಂದೆ ಅಡಗಿದ್ದ ಒಣ ಹಣ್ಣಿನ ವಾಸನೆ ಮೇಲೆ ಬಂತು. ನಾವು ಗೇರುಹಣ್ಣಿಗೆ ಉಪ್ಪು ಹಚ್ಚುವುದಿಲ್ಲವೆ, ಅದೇ ಉಪಾಯ.

ಸೂರ್ಯನ ಮಾತು ಹೇಳದಿದ್ದರೆ ಸೊಸೆ ಬೈದಾಳು. ಗೈಡು ಕೈ ಚಾಚಿ ದಿಗಂತದ ಮೇಲೆ ಬೆರಳು ಅಡ್ಡ ಹಿಡಿದು ಅಳೆಯುವುದನ್ನು ತೋರಿಸಿದಳು. ಸೂರ್ಯನಿಗೂ ನೀರಿಗೂ ನಡುವೆ ಎಷ್ಟು ಬೆರಳೋ, ಬೆರಳಿಗೆ ಹತ್ತು ಹದಿನೈದು ನಿಮಿಷದ ಲೆಕ್ಕ. ನಾಲ್ಕು ಬೆರಳಿದ್ದಾಗ ಬಿಳಿ ವೈನು ಬಗ್ಗಿಸಿದ್ದಳು, ಎರಡು ಬೆರಳಿಗೆ ಕೆಂಪು. ಒಂದು ಬೆರಳು ಉಳಿದಾಗ ಕಡಲ ಮೇಲೆ ಬೂದು ಬಣ್ಣದ ಮಂಜಿನ ಗೋಡೆ ಕಂಡಿತು. ಸೂರ್ಯ ನೀರು ಮುಟ್ಟಲೇ ಇಲ್ಲ, ಗೋಡೆಯೊಳಗೆ ಹೋಗಿ ತಾಮ್ರದ ತಂಬಿಗೆಯ ತಳದ ಹಾಗೆ ಮಂಕಾಗಿ ಅಳಿಸಿಹೋಯಿತು. ಬುಕ್ ಮಾಡಿದ ಸೂರ್ಯಾಸ್ತ ಬರಲಿಲ್ಲ, ದುಡ್ಡು ವಾಪಸು ಕೇಳುವ ಅಂತ ಸೊಸೆ ಕನ್ನಡದಲ್ಲಿ ತಮಾಷೆ ಮಾಡಿದಳು. ನಾನು ಎದ್ದು ಹೊರಡಲು ಮಂಡಿ ಹಿಡಿದುಕೊಂಡೆ. ಕುಮಟೆಯಲ್ಲಿ ಸೂರ್ಯ ಹೋದ ಮೇಲೆ ಮನೆಗೆ ಬಂದು ದೀಪ ಹಚ್ಚುವಷ್ಟರಲ್ಲಿ ಕತ್ತಲು. ಅವಳು ಕೂತಿರಿ ಅಂತ ಕೈ ಮಾಡಿ, ಕಂಬಳಿ ಎಳೆದು ನಮ್ಮ ಕಾಲಿಗೆ ಹೊದಿಸಿ, ಸೇಬು ಹೆಚ್ಚತೊಡಗಿದಳು. ಈ ಅಕ್ಷಾಂಶದಲ್ಲಿ ಸೂರ್ಯ ನಮ್ಮಲ್ಲಿಯ ಹಾಗೆ ನೆಟ್ಟಗೆ ಬೀಳುವುದಿಲ್ಲ, ಓರೆಯಾಗಿ ಜಾರುತ್ತಾನೆ, ಬೆಳಕು ಹೋಗುವುದೂ ನಿಧಾನ. ಸೇಬು ಮುಗಿಯುವ ಹೊತ್ತಿಗೆ ಮಂಜಿನ ಗೋಡೆಯ ಮೇಲಂಚಿಗೆಲ್ಲ ಕೆಂಪು ಹತ್ತಿ, ಮೇಲೆ ತೆಳು ಮೋಡದಲ್ಲಿ ಇನ್ನೊಂದು ಸುತ್ತು ಬಣ್ಣ ಬಂತು. ಕಾಬೊ ದ ರೋಕದಲ್ಲಿ ಆ ಭಾನುವಾರ ನಾವು ಸೂರ್ಯ ಕಾಣಲಿಲ್ಲ ಅಂತ ಕಾರು ಹತ್ತಿದ ಹೊತ್ತು ಇದೇ ಇರಬೇಕು.

ಸೇಬು ಅಲ್ಲಿಯದೇ, ರೈನೇಟ, ಹುಳಿಸಿಹಿ. ಅದೇ ಗಾಳಿಮರೆಯಲ್ಲಿ ಬಳ್ಳಿಗಳ ಜೊತೆ ಗಿಡ್ಡ ಮರಗಳಲ್ಲಿ ಬೆಳೆಯುತ್ತಾರೆ. ಪಕ್ಕದ ಕಡಲತೀರದ ಹೆಸರೇ ಸೇಬಿನ ತೀರ. ಹೊಳೆಗೆ ಉದುರಿದ ಹಣ್ಣು ತೇಲಿ ಬಂದು ಅಲ್ಲಿ ದಡ ಸೇರುತ್ತಿದ್ದವಂತೆ.

ಗೊಣಗುವುದಕ್ಕೂ ಒಂದಿದೆ. ಮೂರೂವರೆ ತಾಸು ಹೊರಗಿದ್ದೇವೆ, ಶೌಚಾಲಯ ಇದ್ದದ್ದು ವೈನುಮನೆಯಲ್ಲಿ ಮಾತ್ರ. ಅದನ್ನು ಮೊದಲೇ ಹೇಳಬೇಕಿತ್ತು. ನೆಲದ ಮೇಲೆ ಅಷ್ಟು ಹೊತ್ತು ಕೂರಲಾರದ ಮಂಡಿಯವರು ಸಣ್ಣ ಮಣೆಯಂಥದ್ದು ಕೇಳಿ ತರಿಸಿಕೊಳ್ಳುವುದು ಒಳ್ಳೆಯದು. ನಾನು ಕೊನೆಗೆ ವೈನಿನ ಖಾಲಿ ಪೆಟ್ಟಿಗೆಯ ಮೇಲೆ ಕೂತೆ.

ರಮಿಶ್ಕೊ ಅರ್ಧ ಬಾಟಲಿ ಉಳಿದಿತ್ತು. ಬಿರಡೆ ಒತ್ತಿ ಕೊಟ್ಟಳು, ತಂಪಿನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ ಅಂದಳು. ಮನೆಯಲ್ಲಿ ಜಾಕೆಟ್ಟು ಕೊಡವಿದಾಗ ಅಡುಗೆಮನೆಯ ನೆಲಕ್ಕೆ ಒಂದು ಹಿಡಿ ಹೊಯಿಗೆ ಬಿತ್ತು. ಮೂರನೆಯ ದಿನ ರಾತ್ರಿ ನಾನು ಬದನೆಕಾಯಿ ಸುಟ್ಟು ಗೊಜ್ಜು ಮಾಡಿದ್ದೆ. ಮಗ ಬಾಟಲಿ ತೆಗೆದು ಮೂರು ಸ್ಟೀಲ್ ಲೋಟಕ್ಕೆ ಹಂಚಿದ. ಒಗರು ಬಹಳ ಇಳಿದಿತ್ತು. "ಅಮ್ಮಾ, ಇದಕ್ಕೆ ಗೊಜ್ಜು ಹೊಂದುತ್ತದೆ" ಅಂದ. ಖಾರ ಸ್ವಲ್ಪ ಹೆಚ್ಚಾಗಿದೆ, ಅದಕ್ಕೇ ನಿನಗೆ ಕುಡಿಯುವ ನೆಪ ಅಂದೆ.